ಹನ್ನೆರಡನೆಯ ಹೋಳಿಗೆ

ಠಣ್, ಠಣ್, ಠಣ್.

ಸಂಜೆ ಐದಕ್ಕೆ ರತ್ನಮಾಲಾ ಹಿತ್ತಲ ಬಾಗಿಲಲ್ಲಿ ನಿಂತು ಸ್ಟೀಲ್ ತಾಟಿಗೆ ಸೌಟಿನಿಂದ ಮೂರು ಪೆಟ್ಟು ಕೊಟ್ಟಳೆಂದರೆ, ಮಹಾರಾಷ್ಟ್ರದ ಗಡಿಯಂಚಿನ ಗಡಹಿಂಗ್ಲಜದಿಂದ ಆಜರಾಕ್ಕೆ ಹೋಗುವ ರಸ್ತೆಬದಿಯ ಆ ಆರೆಕರೆ ಕಬ್ಬಿನಲ್ಲಿ ಎಲ್ಲಿದ್ದರೂ ಅವಳ ಗಂಡ ಶ್ರೀಪಾಲ ಮನೆಯ ಕಡೆಗೆ ತಿರುಗಬೇಕು. ಕೈಯಲ್ಲಿ ಸಲಿಕೆಯಿರಲಿ, ಕಾಲು ಕೆಸರಲ್ಲಿರಲಿ, ಬಾಯಿ ಅರ್ಧ ಮಾತಿನಲ್ಲಿರಲಿ. ಸೂರ್ಯ ಮುಳುಗಿದ ಮೇಲೆ ಆ ಜೈನರ ಮನೆಯಲ್ಲಿ ಯಾರ ಬಾಯಿಗೂ ಒಂದು ಅಗುಳು ಬೀಳುವುದಿಲ್ಲ. ಇಪ್ಪತ್ತೇಳು ವರ್ಷಗಳ ಸಂಸಾರದಲ್ಲಿ ತಾಟಿನ ನಡುವೆ ತಗ್ಗು ಬಿದ್ದಿತ್ತೇ ಹೊರತು ನೇಮ ಒಂದು ದಿನವೂ ತಪ್ಪಿರಲಿಲ್ಲ.

ಇಂಥ ಮನೆಯ ಯಜಮಾನನಿಗೆ ಐವತ್ತೆರಡನೆಯ ವಯಸ್ಸಿನಲ್ಲಿ ಪ್ರವಾಸಿಗರಿಗೆ ಊಟ ಹಾಕುವ ಮಹಾಸಂಕಲ್ಪ ಮೂಡಿತು.

ತಪ್ಪು ಥಂಡಿಯದು. ಡಿಸೆಂಬರ್ ಬಂತೆಂದರೆ ಅಂಬೋಲಿ ಘಾಟದ ಚಳಿ ಹುಡುಕಿಕೊಂಡು ಪುಣೆ, ಕೊಲ್ಹಾಪುರದ ಕಾರುಗಳು ಅವನ ಬದುವಿನ ಮುಂದೆಯೇ ಸಾಲುಗಟ್ಟಿ ಹೋಗುತ್ತವೆ. ದಾರಿಯುದ್ದಕ್ಕೂ ಕೆಂಪು ರಸ್ಸಾ, ಬಿಳಿ ರಸ್ಸಾ ಎಂಬ ಮಟನ್ ಸಾರಿನ ಬೋರ್ಡುಗಳು. ಹೊರಗಿನಿಂದ ಬಂದವರು ಈ ಸೀಮೆಯೆಂದರೆ ಬರೀ ಖಾರವೆಂದು ತಿಳಿದು, ಮೂಗು ಒರೆಸಿಕೊಳ್ಳುತ್ತ ಘಾಟ ಇಳಿದು ಹೋಗುವುದೇ? ಶ್ರೀಪಾಲನ ಎದೆ ಕುದಿಯಿತು. ಜೈನರು ಮುಟ್ಟದ ಉಳ್ಳಾಗಡ್ಡಿ, ಬಳ್ಳೊಳ್ಳಿ, ಬಟಾಟೆ ಯಾವುದೂ ಇಲ್ಲದೆ ಈ ನೆಲದ ಊಟ ಹೇಗಿರುತ್ತದೆಂದು ಜಗತ್ತಿಗೆ ತೋರಿಸದಿದ್ದರೆ ತಾನು ರೈತನೇ ಅಲ್ಲವೆಂದು, ಗೆಳೆಯ ಬಾಳಗೊಂಡನ ಬೆಲ್ಲದ ಗಾಣದ ಮುಂದೆ ನಿಂತು ಊರಿಗೆಲ್ಲ ಕೇಳುವಂತೆ ಸಾರಿದ.

ಬಾಳಗೊಂಡನೂ ಜೈನನೇ. ಅವನ ಮನೆಯಲ್ಲೂ ಐದಕ್ಕೇ ಊಟ. ಅವನು ಕುದಿಯುವ ಕೊಪ್ಪರಿಗೆಯಿಂದ ತಲೆಯೆತ್ತದೆ ಕೇಳಿದ: “ಐದಕ್ಕ ಉಣ್ಣೋ ಪ್ರವಾಸಿ ಎಲ್ಲಿ ಹುಟ್ಯಾನೋ ಮಾರಾಯಾ? ಆ ಹೊತ್ತಿಗೆ ಅವರು ಮಧ್ಯಾಹ್ನದ ಊಟದ ತೇಗ ತಗೀತಿರತಾರ.”

ಶ್ರೀಪಾಲ ನೆಟ್ಟಗೆ ಪೇಂಟರನ ಬಳಿ ಹೋದ. ಬೋರ್ಡು ಬರೆಸಿದ. ‘ಶ್ರೀಪಾಲ ಕೃಷಿ ಪರ್ಯಟನ ಹಾಗೂ ಶುದ್ಧ ಸಾತ್ವಿಕ ಸೂರ್ಯಾಸ್ತಪೂರ್ವ ಭೋಜನ ಕೇಂದ್ರ’ ಎಂದು ಮರಾಠಿಯಲ್ಲಿ. ಹೆಸರಿನ ಗಾಂಭೀರ್ಯಕ್ಕೆ ತಗಡು ಸಾಲದೆ, ಪೇಂಟರ್ ‘ಭೋಜನ’ವನ್ನು ಕಡಲೆಕಾಳಿನಷ್ಟು, ‘ಕೇಂದ್ರ’ವನ್ನು ಸಾಸಿವೆಯಷ್ಟು ಬರೆದಿದ್ದ. ದೂರದಿಂದ ನೋಡಿದವರಿಗೆ ಅಲ್ಲಿ ಸೂರ್ಯಾಸ್ತ ಮಾತ್ರ ಸಿಗುತ್ತದೆಂದು ಅನಿಸುತ್ತಿತ್ತು.

ರತ್ನಮಾಲಾ ಬೋರ್ಡನ್ನು ಎರಡು ಸಲ ಓದಿದಳು. ಅಡುಗೆಗೆ ಅವಳು ಒಲ್ಲೆ ಎನ್ನಲಿಲ್ಲ. ನಿಜ ಹೇಳಬೇಕೆಂದರೆ, ಮಗಳು ಮನಾಲಿ ಮದುವೆಯಾಗಿ ಇಚಲಕರಂಜಿಗೆ ಹೋದ ಮೇಲೆ ಅವಳ ಕೈಗೆ ಹಬ್ಬದ ಅಡುಗೆಯ ತುರಿಕೆ ಉಳಿದುಬಿಟ್ಟಿತ್ತು. ಇಬ್ಬರಿಗಾಗಿ ಯಾರು ಹೂರಣ ರುಬ್ಬುತ್ತಾರೆ? ಆದರೆ ಒಂದು ಷರತ್ತು ಹಾಕಿದಳು.

“ಹೊತ್ತ ಮುಳಗೂದ್ರಾಗ ಅವರು ಉಂಡ ಏಳಬೇಕು. ಅವರಿಗಂತ ಮಾಡಿದ್ದು ಒಂದು ದಿನಾ ಎಮ್ಮಿ ಗೋದಲಿಗೆ ಬಿತ್ತಂದ್ರ, ಆ ಬೋರ್ಡ ನೀವs ಇಳಸಬೇಕು. ಕಬೂಲ?”

ಶ್ರೀಪಾಲ ಮೀಸೆ ತಿರುವಿ ಕಬೂಲ್ ಎಂದ. ಮೇವಿನ ಗೋದಲಿಯ ಮುಂದಿದ್ದ ಎಮ್ಮೆಯೂ ಕೇಳಿಸಿಕೊಂಡಿತು.

ಮನಾಲಿ ಫೋನಿನಲ್ಲಿ ಹಾಕಿದ ಜಾಹೀರಾತಿಗೆ ಮೊದಲ ಗಿರಾಕಿಗಳು ಸಿಕ್ಕರು. ಪುಣೆಯ ಸ್ವಪ್ನಿಲ, ಅವನ ಹೆಂಡತಿ ರುತುಜಾ, ಇನ್ನಿಬ್ಬರು ಗೆಳೆಯರು. ಅಂಬೋಲಿಗೆ ಹೋಗುವ ದಾರಿಯಲ್ಲಿ ಮೂರು ಗಂಟೆಗೆ ಕಾರಿನಿಂದ ಇಳಿದರು. ರುತುಜಾಳ ತವರು ಅದೇ ಗಡಿಯ ಇಚಲಕರಂಜಿಯಾದ್ದರಿಂದ ಅವಳಿಗೆ ಕನ್ನಡ ಬರುತ್ತಿತ್ತು. ಹಸಿವು ಮಾತ್ರ ನಾಲ್ವರಲ್ಲಿ ಯಾರಿಗೂ ಇದ್ದಂತೆ ಕಾಣಲಿಲ್ಲ. ದಾರಿಯಲ್ಲಿ ಮಿಸಳ್ ತಿಂದಿದ್ದರಂತೆ.

ಶ್ರೀಪಾಲ ಎದೆಗುಂದಲಿಲ್ಲ. ಹಸಿವೆಂದರೇನು? ಅದೂ ಒಂದು ಬೆಳೆ. ನೆಲ ಹದ ಮಾಡಿ, ಗಾಳಿ ಬಿಸಿಲು ಆಡಿಸಿದರೆ ಎರಡು ತಾಸಿನಲ್ಲಿ ಎದ್ದು ನಿಲ್ಲಬೇಕು. ಅತಿಥಿಗಳನ್ನು ಹೊಲಗಳ ಮೇಲೆ ನಡೆಸಿಕೊಂಡು ಹೋಗಿ, ಐದಕ್ಕೆ ಸರಿಯಾಗಿ ಹೊಟ್ಟೆ ಬಡಿದುಕೊಳ್ಳುವಂತೆ ಮಾಡಿ ತಂದು ಪಂಕ್ತಿಗೆ ಕೂರಿಸುತ್ತೇನೆಂದು ಹೆಂಡತಿಗೆ ಹೇಳಿ ಹೊರಟ. ರತ್ನಮಾಲಾ ಆಗಲೇ ಹೋಳಿಗೆಯ ಹೂರಣ ಕಟ್ಟುತ್ತಿದ್ದಳು. ತಲೆಗೆ ಮೂರರಂತೆ ಹನ್ನೆರಡು.

ಅವನು ಮರೆತದ್ದು ಒಂದೇ. ಪುಣೆಯ ಮಂದಿ ಬರುತ್ತಾರೆಂದು ಎಂಟು ದಿನದಿಂದ ಊರಿನ ಹೊಸ್ತಿಲು ಹೊಸ್ತಿಲಿಗೆ ಹೋಗಿ ಡಂಗುರ ಹೊಡೆದವನು ಅವನೇ. ಪರಸ್ಥಳದವರು ಹೊಲಕ್ಕೆ ಬಂದರೆ ಬಾಯಿ ಸಿಹಿ ಮಾಡದೆ ಕಳಿಸುವ ಮಂದಿಯೇ ಅಲ್ಲ ಅವರು.

ಮೊದಲು ಸಿಕ್ಕವಳು ನಾಗೂಬಾಯಿ. ಎಪ್ಪತ್ತರ ಮುದುಕಿ, ಕುಳ್ಳಿನ ಕೆಂಡದಲ್ಲಿ ಹಾಲುಗಾಳಿನ ಜೋಳದ ತೆನೆ ಸುಡುತ್ತ, ಅಂಗೈಯಲ್ಲಿ ತಿಕ್ಕಿ ಬಿಸಿ ಸೀತನಿ ಉದುರಿಸುತ್ತ ಕಾದೇ ಕೂತಿದ್ದಳು. ಶ್ರೀಪಾಲ ಸತ್ಯವನ್ನೇ ಹೇಳಿದ: ಇವರಿಗೆ ಮನೆಯಲ್ಲಿ ಊಟವಿದೆ, ದಯವಿಟ್ಟು ಏನೂ ಕೊಡಬೇಡ.

“ನೀ ಸುಮ್ಮಕ ಕುಂದರೋ ಶ್ರೀಪಾಲಾ. ಊಟಕ್ಕೂ ಇದಕ್ಕೂ ಏನ ಸಂಬಂಧ? ಇದು ಬಾಯಿ ಆಡಸಾಕ.”

ಬಾಯಿ ಆಡಿಸುವುದು ಅರ್ಧ ತಾಸು ನಡೆಯಿತು. ಸೀತನಿಗೆ ಶೇಂಗಾ ಚಟ್ನಿ, ಚಟ್ನಿಗೆ ಗಟ್ಟಿ ಮೊಸರು, ಮೊಸರು ಮುಗಿಯಿತೆಂದು ಮತ್ತೆ ಸೀತನಿ. ಸ್ವಪ್ನಿಲ “ಕಾಕಾ, ಏಕ್ ನಂಬರ್” ಎಂದು ಬೆರಳು ನೆಕ್ಕಿದ. ಸತ್ಯಕ್ಕೆ ಇಲ್ಲಿ ಬೆಲೆಯಿಲ್ಲವೆಂದು ಶ್ರೀಪಾಲನಿಗೆ ಮನವರಿಕೆಯಾಯಿತು. ಮುಂದಿನ ಹೊಲ ಬಾಳಗೊಂಡನದು. ಗಾಣದಲ್ಲಿ ಕಬ್ಬಿನ ಹಾಲು ಹರಿಯುತ್ತಿರುತ್ತದೆ. ಸುಳ್ಳು ಹೇಳದೆ ವಿಧಿಯಿಲ್ಲ.

ಗೆಳೆಯನನ್ನು ಬದಿಗೆ ಕರೆದು, ನಾಲ್ವರಿಗೂ ಶುಗರ್ ಇದೆ, ಸಿಹಿ ತೋರಿಸಲೂ ಬೇಡ ಎಂದು ಪಿಸುಗುಟ್ಟಿದ. ಬಾಳಗೊಂಡನ ಮುಖ ಮರುಕದಿಂದ ಬಾಡಿತು. ಇಷ್ಟು ಸಣ್ಣ ವಯಸ್ಸಿಗೆ ಎಂದು ತುಟಿ ಕಚ್ಚಿದ. ಸಿಹಿ ತಿನ್ನಲಾಗದ ಆ ಬಡಪಾಯಿಗಳಿಗೆ ಖಾರವಾದರೂ ಸಿಗಲೆಂದು ಅಂಗಡಿಯಿಂದ ಒಂದು ಬುಟ್ಟಿ ಭಡಂಗ, ಒಂದು ಪುಡಿಕೆ ಮೆಣಸಿನಕಾಯಿ ಭಜಿ ತರಿಸಿದ. ಖಾರದ ಚುರುಮುರಿ, ಮೇಲೆ ಬಿಸಿ ಭಜಿ. ಬಾಯಿ ಉರಿಯತೊಡಗಿದ್ದೇ ತಡ, ಶುಗರಿನ ಸುದ್ದಿ ಗೊತ್ತಿಲ್ಲದ ರೋಗಿಗಳು ತಾವಾಗಿಯೇ ಗಾಣದ ಬಳಿ ಹೋಗಿ ತಲಾ ಮೂರು ಗ್ಲಾಸು ಕಬ್ಬಿನ ಹಾಲು ಕುಡಿದರು. ಆಮೇಲೆ ಕಬ್ಬಿನ ತುಂಡನ್ನು ಕೊಪ್ಪರಿಗೆಯ ಬಿಸಿ ಬೆಲ್ಲದಲ್ಲಿ ಅದ್ದಿ ಅದ್ದಿ ಚೀಪಿದರು.

ಬಾಳಗೊಂಡ ಬಹಳ ಹೊತ್ತು ನೋಡಿದ. “ಈ ಶುಗರ್ ಭಾಳ ಧೈರ್ಯದ್ದೈತಿ ಬಿಡು,” ಎಂದ.

ಇನ್ನುಳಿದದ್ದು ಲಿಂಗಾಯತರ ಮನೆ. ಅಲ್ಲಿಯ ಸೊಸೆ ರುಪಾಲಿ ಬಾಗಿಲಲ್ಲೇ ಕೈಮುಗಿದು ನಿಂತಿದ್ದಳು. ಈ ಸಲ ಶ್ರೀಪಾಲ ಯಾರೂ ಭೇದಿಸಲಾಗದ ಸುಳ್ಳನ್ನು ಹೊರತೆಗೆದ. ಇವತ್ತು ಇವರೆಲ್ಲ ಉಪವಾಸ ಇದ್ದಾರೆ ತಂಗೀ, ಎಂದ.

ಶ್ರೀಪಾಲನ ಮನೆಯಲ್ಲಿ ಉಪವಾಸವೆಂದರೆ ಉಪವಾಸ. ಬಹಳವೆಂದರೆ ಕಾಯಿಸಿ ಆರಿಸಿದ ನೀರು, ಕೆಲವೊಮ್ಮೆ ಅದೂ ಇಲ್ಲ. ಆದರೆ ರುಪಾಲಿಯ ಮನೆಯಲ್ಲಿ ಉಪವಾಸವೆಂದರೆ ಅಡುಗೆಮನೆಗೆ ಹಬ್ಬ. ಅವಳ ಕಣ್ಣು ಅರಳಿತು. “ಅಯ್ಯ, ಮೊದಲs ಹೇಳಬಾರದೇನ್ರಿ ಅಣ್ಣಾ? ನಂದೂ ಉಪಾಸ ಐತಿ, ಖಿಚಡಿ ಈಗಷ್ಟ ಇಳಿಸೇನಿ,” ಎಂದು ಒಳಗೆ ಓಡಿದಳು. ತುಪ್ಪ ಸೋರುವ ಸಾಬೂದಾಣಿ ಖಿಚಡಿ ಬಂತು. ಅದರೊಳಗೆ ಬಟಾಟೆ ಹೋಳು ಕಂಡು ಶ್ರೀಪಾಲ ಮುಖ ತಿರುಗಿಸಿದ. ಶೇಂಗಾ ಉಂಡಿ ಬಂತು, ಬಾಳೆಹಣ್ಣು ಬಂತು, ಉಪವಾಸದವರು ನಿತ್ರಾಣವಾಗಬಾರದೆಂದು ಒಂದೊಂದು ಲೋಟ ಹಾಲೂ ಬಂತು.

ಆಗ ಕಬ್ಬಿನ ಗರಿಗಳ ಮೇಲಿಂದ ತೇಲಿ ಬಂತು: ಠಣ್, ಠಣ್, ಠಣ್.

ರುತುಜಾ ಹಾಲಿನ ಮೀಸೆ ಒರೆಸಿಕೊಂಡು ಅದೇನು ಸಪ್ಪಳವೆಂದು ಕೇಳಿದಳು.

“ಊಟಾ,” ಎಂದ ಶ್ರೀಪಾಲ.

“ಮತ್ತ ಇಷ್ಟೊತ್ತನಕಾ ಉಂಡದ್ದೇನ್ರಿ ಕಾಕಾ?”

ಅಂಗಳದಲ್ಲಿ ನಾಲ್ಕು ಮಣೆ, ನಾಲ್ಕು ತಾಟು, ತಾಟಿನ ಸುತ್ತ ರಂಗೋಲಿ. ಜೋಳದ ರೊಟ್ಟಿ, ಹೆಸರುಕಾಳಿನ ಉಸುಳಿ, ಪುಂಡಿಪಲ್ಲೆ, ಘಮಘಮಿಸುವ ಘನಸಾಳ ಅಕ್ಕಿಯ ಅನ್ನ, ಕಟ್ಟಿನ ಸಾರು. ನಡುವೆ ಬುಟ್ಟಿಯಲ್ಲಿ ತೆಳ್ಳನೆಯ ಬಟ್ಟೆ ಹೊದ್ದ ಹನ್ನೆರಡು ಹೋಳಿಗೆ. ರತ್ನಮಾಲಾ ಮನಾಲಿಯ ಮದುವೆಯಲ್ಲಿ ಉಟ್ಟ ಸೀರೆ ಉಟ್ಟಿದ್ದಳು.

ನಾಲ್ವರೂ ಒಳ್ಳೆಯವರು. ಕೂತರು. ಉಸುಳಿಯನ್ನೂ ಪಲ್ಲೆಯನ್ನೂ ನಾಲಗೆಗೆ ಮುಟ್ಟಿಸಿ ಹೊಗಳಿದರು. ಒಂದು ಹೋಳಿಗೆಯನ್ನು ನಾಲ್ಕು ಚೂರು ಮಾಡಿ ಹಂಚಿಕೊಂಡರು. ತನ್ನ ಚೂರು ನುಂಗಿ ಸ್ವಪ್ನಿಲ ಕೈಮುಗಿದ. “ಕಾಕಾ, ಪೋಟ್ ಫುಟೇಲ್ ಆತಾ,” ಎಂದು ಒಡೆಯುವಂತಿದ್ದ ಹೊಟ್ಟೆ ಹಿಡಿದುಕೊಂಡ. ಉಳಿದದ್ದನ್ನು ಡಬ್ಬಿಗೆ ಹಾಕಿ ಕೊಟ್ಟರೆ ರಾತ್ರಿ ಅಂಬೋಲಿಯಲ್ಲಿ ತಿನ್ನುತ್ತೇವೆಂದಳು ರುತುಜಾ.

“ನನ್ನ ಕೈ ಅಡಗಿ ರಾತ್ರಿ ಯಾರ ಬಾಯಾಗೂ ಹೋಗಾಂಗಿಲ್ಲ, ತಾಯಿ,” ಎಂದಳು ರತ್ನಮಾಲಾ, ಮೆಲ್ಲಗೆ. ಗಂಡನ ಕಡೆ ನೋಡಲಿಲ್ಲ. ಒಮ್ಮೆ ಸೂರ್ಯನನ್ನು ನೋಡಿದಳು, ಒಮ್ಮೆ ಗೋದಲಿಯನ್ನು. ಎಮ್ಮೆ ಮೂತಿ ಎತ್ತಿ ನಿಂತಿತ್ತು.

ಶ್ರೀಪಾಲ ಮಣೆಯ ಮೇಲೆ ಕೂತ. ಬಿದ್ದರೆ ಬೋರ್ಡು ಬೀಳಲಿ ಎನ್ನಬಹುದಿತ್ತು. ಆದರೆ ಹೆಂಡತಿಯ ಸೀರೆಯ ನಿರಿಗೆಯ ಮೇಲೆ ಹೂರಣದ ಒಂದು ಹಳದಿ ಕಲೆ ಕಾಣುತ್ತಿತ್ತು. ಗೋದಲಿಗೆ ಬೀಳಬಾರದೆಂದು ಷರತ್ತೇ ಹೊರತು ಯಾರು ಉಣ್ಣಬೇಕೆಂದು ಷರತ್ತಿರಲಿಲ್ಲವಲ್ಲ. ತೋಳು ಏರಿಸಿದ.

ಅನ್ನ, ಸಾರು, ಪಲ್ಲೆ, ಉಸುಳಿ ಹೇಗೋ ಖಾಲಿಯಾದವು. ರೊಟ್ಟಿ ಕಡಕಾಗಿ ನಾಲ್ಕು ದಿನ ಇರುತ್ತದೆಂದು ಬಿಟ್ಟ. ಹೂರಣದಂಥ ತೇವದ ಪದಾರ್ಥವನ್ನು ರಾತ್ರಿ ಇಟ್ಟು ಉಣ್ಣುವ ಪದ್ಧತಿ ಆ ಮನೆಯಲ್ಲಿರಲಿಲ್ಲ, ಹೋಳಿಗೆಗೆ ಕೈ ಹಾಕಿದ. ಮೊದಲ ಮೂರು ಪ್ರೀತಿಯಿಂದ ಇಳಿದವು. ನಾಲ್ಕನೆಯದು ಕರ್ತವ್ಯದಿಂದ. ಆರನೆಯದಕ್ಕೆ ಪುಣೆಯವರು ಎಣಿಸತೊಡಗಿದರು. ಏಳನೆಯದಕ್ಕೆ ಸ್ವಪ್ನಿಲ ಫೋನು ಎತ್ತಿ ಹಿಡಿದ. ಎಂಟನೆಯದಕ್ಕೆ ಶ್ರೀಪಾಲ ಪಡುವಣದ ಕಡೆ ನೋಡಿದ. ಮಧ್ಯಾಹ್ನದಿಂದ ಹೋರಿಯಂತೆ ಓಡಿದ್ದ ಆ ಸೂರ್ಯ ಈಗ ಗುಡ್ಡದ ನೆತ್ತಿಯ ಮೇಲೆ ಕಾಲು ಚಾಚಿ ಕೂತುಬಿಟ್ಟಿದ್ದ. ಮುಳುಗೋ ಮಾರಾಯಾ, ಎಂದು ಶ್ರೀಪಾಲ ಜೀವನದಲ್ಲಿ ಮೊದಲ ಸಲ ಅವನನ್ನು ಬೇಡಿಕೊಂಡ. ಒಂಬತ್ತು. ಹತ್ತು. ಗುಡ್ಡದ ಹಿಂದೆ ಕೆಂಪು ಅಂಚೊಂದು ಉಳಿದಿತ್ತು. ಬುಟ್ಟಿಯಲ್ಲೂ ಒಂದೇ ಒಂದು ಉಳಿದಿತ್ತು.

ಅಂಚೂ ಹೋಯಿತು.

ಇಪ್ಪತ್ತೇಳು ವರ್ಷ ಒಂದು ನಿಮಿಷ ಆಚೀಚೆ ಮಾಡದ ರತ್ನಮಾಲಾ ಹನ್ನೆರಡನೆಯ ಹೋಳಿಗೆಗೆ ತುಪ್ಪ ಸವರುತ್ತ, ಬೇವಿನಮರದ ಕಡೆ ಬೆರಳು ಮಾಡಿ, ಗಂಡನಿಗಷ್ಟೇ ಕೇಳುವಂತೆ ಹೇಳಿದಳು: “ಆ ತುದೀಗೆ ಇನ್ನೂ ಬಿಸಲ ಐತ್ರಿ. ಉಣ್ರಿ.”

ಶ್ರೀಪಾಲ ಎರಡೂ ಕೈ ಜೋಡಿಸಿದ. ಯಾವ ಸ್ವಾಮಿಗಳ ಮುಂದೆಯೂ ಅಷ್ಟು ಭಕ್ತಿಯಿಂದ ಜೋಡಿಸಿರಲಿಲ್ಲ. “ಮುಳಗೇತಿ,” ಎಂದ. “ನೇಮ ಅಂದ್ರ ನೇಮ.”

ಎಮ್ಮೆ ಹೋಳಿಗೆಯನ್ನು ಒಂದೇ ತುತ್ತಿಗೆ ಮುಗಿಸಿ ಇನ್ನೊಂದಕ್ಕೆ ಕಾದಿತು.

ಮರುದಿನ, ಏಳಲು ಸಾಧ್ಯವಾದ ಮೇಲೆ, ಶ್ರೀಪಾಲ ತಾನೇ ಏಣಿ ಹಾಕಿ ಬೋರ್ಡು ಇಳಿಸಿದ. ಅದು ಈಗ ಗೋದಲಿಯ ಮೇಲೆ ಇಬ್ಬನಿ ತಡೆಯುತ್ತದೆ. ಎಮ್ಮೆಗೆ ಅದು ಭೋಜನ ಕೇಂದ್ರವೇ. ಪ್ರವಾಸಿಗರು ಬರುವುದು ಮಾತ್ರ ನಿಲ್ಲಲಿಲ್ಲ. ಪುಣೆಯವರು ಫೋನಿನಲ್ಲಿ ಏನು ಹಾಕಿದರೋ, ಜನವರಿಯಲ್ಲಿ ಕಾರುಗಳು ನಾಗೂಬಾಯಿಯ ಸೀತನಿಗೆ, ಬಾಳಗೊಂಡನ ಗಾಣಕ್ಕೆ, ರುಪಾಲಿಯ ಖಿಚಡಿಗೆ ಸಾಲು ಹಚ್ಚಿದವು. ದಾರಿ ತೋರಿಸಲು ಎಲ್ಲರೂ ಶ್ರೀಪಾಲನನ್ನೇ ಕರೆಯುತ್ತಾರೆ. ಅವನು ಹೋಗುತ್ತಾನೆ. ಡಾಕ್ಟರ ಮಾತಿನಂತೆ ರತ್ನಮಾಲಾ ಸಂಜೆಗೆ ಬರೀ ಹೆಸರುಬೇಳೆಯ ಗಂಜಿ ಕೊಡುತ್ತಿರುವುದರಿಂದ ಅವನಿಗೆ ನಡಿಗೆ ಹಗುರ.

ಮೊನ್ನೆ ರವಿವಾರ ಗಾಣದ ಬಳಿ ಕನ್ನಡ ಬಲ್ಲ ಕೊಲ್ಹಾಪುರದ ಗೃಹಸ್ಥನೊಬ್ಬ ಅವನನ್ನೇ ದಿಟ್ಟಿಸಿ ನೋಡಿ, ಫೋನು ತೆಗೆದು ನೋಡಿ, ಮತ್ತೆ ಅವನನ್ನು ನೋಡಿದ.

“ನೀವs ಅಲ್ರಿ, ಹತ್ತ ಹೋಳಿಗಿ ಕಾಕಾ? ನಮಗ ಊಟಾ ಬ್ಯಾಡ್ರಿ. ಮಕ್ಕಳು ನೀವು ಉಣ್ಣೂದು ನೋಡಬೇಕಂತಾರ.”

ಬಾಳಗೊಂಡ ಕೊಪ್ಪರಿಗೆಯೊಳಗೆ ಮುಖ ಬಗ್ಗಿಸಿದ. ಅವನ ಬೆನ್ನು ಕುಲುಕುತ್ತಿತ್ತು. ಶ್ರೀಪಾಲ ಟೋಪಿ ಸರಿಮಾಡಿಕೊಂಡ, ಗಂಟಲು ಸರಿಮಾಡಿಕೊಂಡ. ಈ ನೆಲದ ಅನ್ನದ ಬಗ್ಗೆ, ಅತಿಥಿಧರ್ಮದ ಬಗ್ಗೆ, ರೈತನ ಮಾನದ ಬಗ್ಗೆ ಅವನು ಹೇಳಬೇಕಾದದ್ದು ಬಹಳವಿತ್ತು.

“ನೋಡ್ರಿ ಸಾಹೇಬ್ರ,” ಎಂದು ಶುರು ಮಾಡಿದ, “ಊಟಾ ಅಂದ್ರ ಅದು ನೋಡೋ ವಸ್ತು ಅಲ್ಲ. ಊಟಾ ಅಂದ್ರ...”

ಠಣ್, ಠಣ್, ಠಣ್.

ಮಾತನ್ನು ಅಲ್ಲೇ ಬಿಟ್ಟು, ಬದುವಿನ ಮೇಲೆ ನೆರಳು ಉದ್ದವಾಗುತ್ತಿದ್ದಂತೆ, ಅವನು ಗಂಜಿಯ ಕಡೆಗೆ ನಡೆದೇಬಿಟ್ಟ.