ನಿದ್ದೆಯಲ್ಲಿ ಫೇಲಾದ ಚಿಕ್ಕಪ್ಪ

ಹಿರಿಯೂರಿನ ಜನ ಹೊಟ್ಟೆಪಾಡಿಗೆ ದುಡಿಯುತ್ತಾರೆ. ನಮ್ಮ ಚಿಕ್ಕಪ್ಪ ನಿದ್ದೆಗಾಗಿ ದುಡಿಯುತ್ತಾರೆ! ಅವರ ಕೈಯಲ್ಲೊಂದು ಸ್ಮಾರ್ಟ್ ಗಡಿಯಾರ. ಬೆಳಗಾದರೆ ಅದು ಹಿಂದಿನ ರಾತ್ರಿಯ ನಿದ್ದೆಗೆ ಅಂಕ ಕೊಡುತ್ತದೆ.

"ಇವತ್ತೂ ಫೇಲು ಕಣ್ಲೇ. ನಿದ್ದೆ ಮಾಡಿಲ್ಲ ಅಂತೈತೆ!"

"ಮಾಡಿದ್ರಾ ಚಿಕ್ಕಪ್ಪ?"

"ಇಲ್ಲ. ಆದ್ರೂ ಅದ್ನ ಹೇಳಾಕೆ ಇವನ್ಯಾವನು?"

ಮೊದಲು ಉಸಿರಾಟದ ವ್ಯಾಯಾಮ ಶುರುವಾಯಿತು. ಫೋನಿನ ಹೆಣ್ಣುದನಿ "ಉಸಿರು ಎಳೆದುಕೊಳ್ಳಿ, ಹಿಡಿದುಕೊಳ್ಳಿ" ಎಂದಿತು. ಅಷ್ಟಕ್ಕೇ ನೆಟ್‌ವರ್ಕ್ ಹೋಯಿತು. "ಬಿಡಿ" ಎನ್ನುವವರಿಲ್ಲದೆ ಚಿಕ್ಕಪ್ಪ ಮುಖ ಕೆಂಪಗೆ ಮಾಡಿಕೊಂಡು ಕೂತೇ ಇದ್ದರು!

ಆಮೇಲೆ ಫೋನಿನಲ್ಲಿ ಮಳೆಯ ಸದ್ದು. ಮನಸ್ಸು ಹಗುರಾಗುತ್ತದೆ ಎಂದು ಮಧ್ಯಾಹ್ನದ ಊಟವಾದ ಮೇಲೆ ನಾನೇ ಹಚ್ಚಿಕೊಟ್ಟೆ. ಸ್ವಲ್ಪ ಮಂಪರು ಬಂದಿತ್ತೇನೋ, ಗುಡುಗಿದ್ದೇ ತಡ, ದಡಬಡ ಎದ್ದು ಮಾಳಿಗೆ ಹತ್ತಿ, ಒಣಗಲು ಹರಡಿದ್ದ ಶೇಂಗಾ ಗುಡ್ಡೆ ಮಾಡಿ ತಾಡಪಾಲು ಹೊದಿಸಿಬಿಟ್ಟರು. ಅವರನ್ನು ನೋಡಿ ಪಕ್ಕದ ಮನೆಯವರೂ ಮಾಳಿಗೆ ಹತ್ತಿದರು. ಆಕಾಶದಲ್ಲಿ ಒಂದು ತುಣುಕು ಮೋಡವಿಲ್ಲ!

"ಮಳೆ ಬಂದಾಗ ಮಲಗೋನು ನಮ್ಮೂರಾಗೆ ಇನ್ನೂ ಹುಟ್ಟಿಲ್ಲ, ತಗಿ ಅದ್ನ" ಎಂದು ಫೋನು ಕೈಗಿಟ್ಟರು.

ಇನ್ನು ಚಿಕ್ಕಮ್ಮ. ಆಕೆಯ ಗೊರಕೆ ಇಡೀ ಬೀದಿಗೇ ಪ್ರಸಿದ್ಧ. ಮದುವೆಯಾದಾಗಿನಿಂದ ಚಿಕ್ಕಪ್ಪ ಅದನ್ನು ಬೈದುಕೊಂಡೇ ಗಡದ್ದಾಗಿ ಮಲಗಿದವರು. ಈಚೆಗೆ ಚಿತ್ರದುರ್ಗದ ಡಾಕ್ಟರು, ಗೊರಕೆಯ ನಡುನಡುವೆ ಆಕೆಯ ಉಸಿರು ನಿಲ್ಲುತ್ತದೆ ಎಂದು ಹೇಳಿ, ಮೂಗಿಗೆ ಹಾಕುವ ಮಾಸ್ಕು, ಗಾಳಿ ಊದುವ ಮಿಷನ್ನು ಕೊಟ್ಟರು. ಅಂದಿನಿಂದ ಗೊರಕೆ ಬಂದ್. ಇನ್ನು ನಿಮಗೂ ಸುಖನಿದ್ದೆ ಎಂದು ನಾವೆಲ್ಲ ಚಿಕ್ಕಪ್ಪನನ್ನು ಅಭಿನಂದಿಸಿದ್ದೆವು. ಅವರು ಫೇಲಾಗತೊಡಗಿದ್ದೂ ಅಂದಿನಿಂದಲೇ!

ಒಂದು ದಿನ ಪಕ್ಕಕ್ಕೆ ಕರೆದು ಮೆಲ್ಲಗೆ ಕೇಳಿದರು: "ಲೇ, ಈ ಫೋನಾಗೆ ಗೊರಕೆ ಸದ್ದು ಸಿಗತೈತೇನು ನೋಡು."

ನಾನು ಬಿದ್ದು ಬಿದ್ದು ನಕ್ಕೆ. ಅವರು ನಗಲಿಲ್ಲ.

"ಸದ್ದಿದ್ರೆ ಅವಳು ಅದಾಳೆ ಅಂತ ಗೊತ್ತಾಗ್ತಿತ್ತು. ಈಗ ಎದ್ದೆದ್ದು ನೋಡೋದೇ ಆಗೈತೆ."

ಅಡುಗೆಮನೆಯಲ್ಲಿ ರೊಟ್ಟಿ ತಟ್ಟುವ ಸದ್ದು ನಿಂತಿತು. ಚಿಕ್ಕಮ್ಮನಿಗೆ ಎಲ್ಲ ಕೇಳಿಸಿತ್ತು.

ಮುಂದಿನ ವಾರ ಹೋದಾಗ ಗಡಿಯಾರ ಗೋಡೆಯ ಮೊಳೆಗೆ ತೂಗುತ್ತಿತ್ತು. "ಪಾಸಾದ್ರಾ?" ಎಂದು ಚಿಕ್ಕಪ್ಪನನ್ನು ಕೇಳಿದೆ. ಚಿಕ್ಕಮ್ಮನೇ ಹೇಳಿದರು:

"ಆ ಮಾಸ್ಕಿನ ಮುಂದೆ ಸಣ್ಣ ತೂತು ಐತಪ್ಪ, ಬಿಟ್ಟ ಉಸಿರು ಅಲ್ಲಿಂದ ಬರ್ತೈತೆ. ಇವರ ಕೈ ಹಿಡ್ದು ಅಲ್ಲಿ ಇಟ್ಕಂಡೆ. ಗಾಳಿ ತಾಗಿದ್ದೇ, ಮಲಗಿಬಿಟ್ರು. ಈಗ ಇವರ ಗೊರಕೆಗೆ ನಂಗೆ ನಿದ್ದೆ ಇಲ್ಲ!"

ಚಿಕ್ಕಪ್ಪ ತಮ್ಮ ಅಂಗೈಯನ್ನೇ ನೋಡಿಕೊಳ್ಳುತ್ತಾ, "ಕೈ ಬೆಚ್ಚಗಾಗ್ತೈತೆ, ಅಷ್ಟೇ" ಎಂದರು.