ಟೋಪಿ ಹತ್ತಿದ ಬಸ್ಸು

ಒತೆಗೆನ್‌ನ ಒಂಟೆ ಮರಾಲ್ ಮರಿ ಹಾಕಿ ಮೂರು ದಿನವಾಗಿತ್ತು. ಮರಿಯ ಮುಖವನ್ನು ಮಾತ್ರ ಅದು ಇನ್ನೂ ನೋಡಿರಲಿಲ್ಲ. ಮರಿ ಕೆಚ್ಚಲಿಗೆ ಬಾಯಿಟ್ಟರೆ ಸಾಕು, ಹಿಂಗಾಲಿನಿಂದ ಒದ್ದು, ಯಾರದೋ ಮರಿಯನ್ನು ಇಲ್ಲಿ ತಂದು ಕಟ್ಟಿದ್ದಾರೆ ಎಂಬಂತೆ ಆಕಾಶ ನೋಡುತ್ತ ನಿಲ್ಲುತ್ತಿತ್ತು. ಬಾಟಲಿಯಲ್ಲಿ ಕುಡಿಸಿದ ಆಡಿನ ಹಾಲು ಮರಿಯ ಹೊಟ್ಟೆಯಲ್ಲಿ ನಿಲ್ಲಲಿಲ್ಲ. ಇವತ್ತು ಸಂಜೆಯೊಳಗೆ ತಾಯಿಹಾಲು ಸಿಗದಿದ್ದರೆ ಅದು ಉಳಿಯುವುದಿಲ್ಲವೆಂದು ಬಯಲಿನ ಇಲಿಗಳಿಗೂ ಗೊತ್ತಿತ್ತು.

ಇಂಥ ಒಂಟೆಯನ್ನು ಹಾಡಿಯೇ ಒಲಿಸಬೇಕು. ಆ ಹಾಡಿನಲ್ಲಿ ಒತೆಗೆನ್‌ನ ಹೆಂಡತಿ ಬಿಬಿಜಾರ್‌ಳನ್ನು ಮೀರಿಸುವವರು ಇಡೀ ಕಜಕ್ ನಾಡಿನಲ್ಲಿ ಹುಟ್ಟಿರಲಿಲ್ಲ. ಒಮ್ಮೆ ಅವಳ ದನಿ ಕೇಳಿ ಗಂಡೊಂಟೆಯೊಂದು ತನಗೇಕೆ ಕೆಚ್ಚಲಿಲ್ಲವೆಂದು ಎರಡು ದಿನ ಮೇವು ಬಿಟ್ಟಿತ್ತು. ಆದರೆ ಮೂರು ಹಗಲು ಹಾಡಿ ಹಾಡಿ ಅವಳ ಗಂಟಲು ಕಟ್ಟಿಹೋಗಿ, ಉಳಿದಿದ್ದು ಪಿಸುಮಾತೊಂದೇ.

ಸಾಲದ್ದಕ್ಕೆ ಇವತ್ತೇ ರಾಕೆಟ್.

ಬೈಕನೂರಿನಿಂದ ರಾಕೆಟ್ ಹಾರಿದರೆ, ಉರಿದು ಮುಗಿದ ಅದರ ಕೆಳಭಾಗಗಳು ಬೀಳುವುದು ಸಾರಿಬುಲಾಕ್ ಹಳ್ಳಿಯ ಬಯಲಿಗೆ. ಅದಕ್ಕಾಗಿ ಊರಿನ ನಲವತ್ತೊಂದು ಜನರನ್ನೂ ಬಸ್ಸಿಗೆ ತುಂಬಿ ಮೂವತ್ತು ಕಿಲೋಮೀಟರ್ ಆಚೆಯ ದಿಬ್ಬಕ್ಕೆ ಸಾಗಿಸುತ್ತಾರೆ. ಅಲ್ಲಿ ಜನ ಬೌರ್ಸಾಕ್ ಎಂಬ ಕರಿದ ಹಿಟ್ಟಿನುಂಡೆ ತಿಂದು, ಊರಿಗೊಂದೇ ಇದ್ದ ಸಮೋವರ್ ಎಂಬ ಕೆಂಡದ ಹಂಡೆಯಲ್ಲಿ ಕಾಸಿದ ಚಹಾ ಕುಡಿದು, ಹಳೆಯ ಜಗಳಗಳನ್ನು ಹೊಸದು ಮಾಡಿಕೊಂಡು ವಾಪಸಾಗುತ್ತಾರೆ. ಬಿದ್ದ ಲೋಹವನ್ನೆಲ್ಲ ಸರ್ಕಾರಕ್ಕೆ ಒಪ್ಪಿಸಬೇಕೆಂಬುದು ನಿಯಮ. ಒಪ್ಪಿಸಿ ಉಳಿದದ್ದರಲ್ಲಿ ಊರಿನ ಕೋಳಿಗೂಡು, ಬೇಲಿ, ಸ್ನಾನದ ಮನೆಯ ಮಾಡು ಎದ್ದಿದ್ದವು. ಒತೆಗೆನ್‌ನ ಒಂಟೆಗಳು ನೀರು ಕುಡಿಯುವ ಬಾನಿಯೂ ನಕ್ಷತ್ರಗಳ ಹೊಸ್ತಿಲು ಮುಟ್ಟಿ ಬಂದದ್ದೇ.

ಬೆಳಿಗ್ಗೆ ಎಂಟಕ್ಕೆ ಜಿಲ್ಲಾ ಕಚೇರಿಯ ಜರಾಸ್ ಪಟ್ಟಿ ಹಿಡಿದು ಬಂದ.

“ಮರಿ ಸಾಯುತ್ತಪ್ಪ ಜರಾಸ್, ನನ್ನ ಬಿಟ್ಟುಬಿಡು,” ಎಂದ ಒತೆಗೆನ್.

“ನೀವು ಉಳಿದ್ರೆ ನನ್ನ ನೌಕರಿ ಸಾಯುತ್ತೆ ಆಗಾ,” ಎಂದ ಜರಾಸ್, ಹಿರಿಯರನ್ನು ಕರೆಯುವ ಮರ್ಯಾದೆಯಲ್ಲೇ. “ಇವತ್ತಿನ ಉಪಗ್ರಹ ಎಂಥದ್ದು ಗೊತ್ತಾ? ಹುಲ್ಲು ಎಲ್ಲಿ ಹಸಿರಾಗಿದೆ ಅಂತ ಮೇಲಿಂದಲೇ ನೋಡಿ ಹೇಳುತ್ತೆ. ನಿಮ್ಮ ಒಳ್ಳೇದಕ್ಕೇ ಹೋಗ್ತಿರೋದು.”

“ಇವನ ಒಂಟೆ ಯಾಕೆ ಒದೆಯುತ್ತೆ ಅಂತಾನೂ ಹೇಳುತ್ತಾ?” ಎಂದು ಬೇಲಿಯಾಚೆಯಿಂದ ನೆರೆಯ ಕುರ್ಮಾಶ್ ಕೇಳಿದ. ಅವನಿಗೆ ಸ್ವಂತ ಒಂಟೆ ಒಂದೂ ಇರಲಿಲ್ಲ. ಆದ್ದರಿಂದ ಒಂಟೆಗಳ ವಿಷಯ ಎಲ್ಲವೂ ಗೊತ್ತಿತ್ತು. “ಮರಿ ಮೈಗೆ ಉಪ್ಪು ಸವರು ಅಂದೆ, ಕೇಳ್ಲಿಲ್ಲ. ಹೋಗ್ಲಿ, ನಿನ್ನ ಮುಖಾನಾದ್ರೂ ಮುಚ್ಕೋ. ಅದನ್ನ ನೋಡಿದ್ರೆ ನಂಗೇ ಹಾಲು ಹೆಪ್ಪುಗಟ್ಟುತ್ತೆ.”

ಜರಾಸ್ ಮುಂದಿನ ಮನೆಗೆ ಹೋದದ್ದೇ ಬಿಬಿಜಾರ್ ಗಂಡನನ್ನು ಹುಲ್ಲಿನ ಬಣವೆಯ ಹಿಂದೆ ಎಳೆದಳು. “ನಿನ್ನ ಟೋಪಿ, ಕೋಟು ಬಿಚ್ಚು,” ಎಂದು ಪಿಸುಗುಟ್ಟಿದಳು. “ಬಸ್ಸಲ್ಲಿ ನಿನ್ನನ್ನ ನಾನು ಕೂರಿಸ್ತೀನಿ. ನೀನಿಲ್ಲಿ ಹಾಡು.”

“ನಂಗೆ ಬರೋದು ಸೈನ್ಯದಲ್ಲಿ ಕಲಿತ ಹಾಡೊಂದೇ.”

“ದುಃಖದ್ದು ಹಾಡು, ಮುದುಕಾ. ಒಂಟೆ ಅಳಬೇಕು.”

“ನಾನು ಹಾಡಿದ್ರೆ ಅಳದೇ ಇರುತ್ತಾ?”

ನರಿತೊಗಲಿನ ಟೋಪಿ ಹೋಯಿತು, ಕೋಟು ಹೋಯಿತು, ಬಸ್ಸೂ ಹೋಯಿತು. ಹತ್ತು ಸಾವಿರ ಮೈಲಿಯ ಬಯಲಿನಲ್ಲಿ ಒತೆಗೆನ್, ಒಂದು ಒಂಟೆ, ಒಂದು ಮರಿ ಉಳಿದರು.

ಅವನು ಸೈನ್ಯದ ಹಾಡನ್ನೇ ಎಳೆದೆಳೆದು ದುಃಖದ್ದಾಗಿಸಿ ಹಾಡಿದ. ಮೇಲೆ ಸುತ್ತುತ್ತಿದ್ದ ಹದ್ದೊಂದು ದಾರಿ ಬದಲಿಸಿ ಚೀನಾದ ಕಡೆ ಹೊರಟುಹೋಯಿತು. ಮರಾಲ್ ಅವನ ಮುಖಕ್ಕೆ ಉಗುಳಿತು. ಅರ್ಧ ಮೂಟೆ ಉಪ್ಪು ಸವರಿದ್ದಾಯಿತು. ಅದು ಉಪ್ಪನ್ನು ಮಾತ್ರ ಚೊಕ್ಕವಾಗಿ ನೆಕ್ಕಿ ಮರಿಯನ್ನು ಒದ್ದಿತು.

ಗಂಟೆ ಹನ್ನೊಂದಾಗುತ್ತ ಬಂತು. ಯಾವ ಕ್ಷಣದಲ್ಲಾದರೂ ತಲೆಯ ಮೇಲೆ ಮನೆಯಷ್ಟು ದೊಡ್ಡ ಕಬ್ಬಿಣ ಬೀಳಬಹುದು. ಓಡಿಹೋಗೋಣವೆಂದರೆ ಮರಿ ಅವನ ಅಂಗಿಯ ತುದಿಯನ್ನು ಚೀಪುತ್ತಿತ್ತು. ಒತೆಗೆನ್ ಅದನ್ನು ತೊಡೆಯ ಮೇಲೆ ಎಳೆದುಕೊಂಡು ಮರಾಲ್‌ನ ಪಕ್ಕ ಕೂತ. ಹಾಡು ಮುಗಿದಿತ್ತು, ಮಾತು ತಾನಾಗಿ ಬಂತು.

“ನಮ್ಮ ಮುದುಕೀನೂ ಹೀಗೇ ಮಾಡಿದ್ಲು, ಮೊದಲನೇ ಮಗ ಹುಟ್ಟಿದಾಗ. ಜ್ವರ ಬಂದಿತ್ತು. ಒಂಬತ್ತು ದಿನ ಮಗೂನ ಕಣ್ಣೆತ್ತಿ ನೋಡ್ಲಿಲ್ಲ. ಊರೆಲ್ಲ ಬಂದು ಬುದ್ಧಿ ಹೇಳ್ತು. ನಾನು ಏನೂ ಹೇಳ್ಲಿಲ್ಲ, ಹೇಳೋಕೆ ಬರ್ತಿರ್ಲಿಲ್ಲ. ಮಗೂನ ಕೋಟಲ್ಲಿ ಸುತ್ಕೊಂಡು ಪಕ್ಕದಲ್ಲಿ ಕೂತಿದ್ದೆ, ಅಷ್ಟೇ. ಹತ್ತನೇ ದಿನ ಅವಳೇ ಕೈ ಚಾಚಿದ್ಲು. ನಿಂಗೆ ಒಂಬತ್ತು ದಿನ ಕೊಡ್ತಿದ್ದೆ ಕಣೇ ತಾಯಿ. ಆದ್ರೆ ಇವನಿಗೆ ಅಷ್ಟು ಹೊತ್ತಿಲ್ಲ.”

ಮರಾಲ್ ಕತ್ತು ತಿರುಗಿಸಿತು. ಆಗಲೇ ಆಕಾಶ ಬಿರಿಯಿತು.

ಧಡ್. ಧಡ್.

ನೆಲ ಹಾರಿತು. ಬಾನಿಯ ನೀರು ಎದ್ದು ಮಾಡಿನ ಮೇಲೆ ಬಿತ್ತು. ಒತೆಗೆನ್ ಕಣ್ಣು ಬಿಟ್ಟಾಗ ತಾನೂ ಮರಿಯೂ ಒಂಟೆಯ ಹೊಟ್ಟೆಯ ಕೆಳಗಿದ್ದರು. ಮರಾಲ್ ಕತ್ತನ್ನು ಕೋಟೆಯಂತೆ ಸುತ್ತ ಬಾಗಿಸಿ, ಎರಡನ್ನೂ ತನ್ನವೇ ಎಂದು ಒಳಕ್ಕೆ ಎಳೆದುಕೊಂಡಿತ್ತು. ಅದರ ಕಣ್ಣಿನಿಂದ ನಿಂಬೆಹಣ್ಣಿನಷ್ಟು ದಪ್ಪ ಹನಿ ಉರುಳಿತು. ಚಪ್ ಚಪ್ ಎಂದು ಸದ್ದು ಕೇಳಿಸಿತು. ಮರಿ ಕುಡಿಯುತ್ತಿತ್ತು. ಒತೆಗೆನ್ ಅಲ್ಲೇ, ಅದರ ಕಾಲುಗಳ ನಡುವೆ, ಕೂಸಿನ ಹಾಗೆ ಅತ್ತುಬಿಟ್ಟ.

ಮಧ್ಯಾಹ್ನ ಬಸ್ಸು ಮರಳಿತು. ಬಿಬಿಜಾರ್ ಮರಿಯ ಉಬ್ಬಿದ ಹೊಟ್ಟೆಯನ್ನು ನೋಡಿದಳು, ಗಂಡನ ಬೆನ್ನಿಗೊಂದು ಗುದ್ದು ಕೊಟ್ಟಳು, ಆಮೇಲೆ ಅಲ್ಲೇ ಹಣೆಯಾನಿಸಿ ನಿಂತಳು.

“ಬಸ್ಸಲ್ಲಿ ನನ್ನನ್ನ ಹೇಗೆ ಕೂರಿಸಿದೆ?” ಎಂದು ಕೇಳಿದ.

“ಸಮೋವರ್‌ಗೆ ನಿನ್ನ ಕೋಟು ಹಾಕಿ, ಟೋಪಿ ಇಟ್ಟು, ಕಿಟಕಿ ಪಕ್ಕ ಕೂರಿಸಿದೆ,” ಎಂದಳು ಪಿಸುದನಿಯಲ್ಲಿ. “ಒಳಗೆ ಕೆಂಡ ಇತ್ತು. ಟೋಪಿಯಿಂದ ಹಬೆ ಬರೋದು ನೋಡಿ ಜರಾಸ್, ನಿಂಗೆ ಜ್ವರ ಅಂದುಕೊಂಡ. ಪಕ್ಕದಲ್ಲೇ ಕೂತು ದಾರಿಯುದ್ದಕ್ಕೂ ಮಾತಾಡ್ತಿದ್ದ.”

“ಸಮೋವರ್ ನಾನಾದ್ರೆ ಜನಕ್ಕೆ ಚಹಾ?”

“ನಿನ್ನ ಬಟ್ಟೆ ಬಿಚ್ಚೋಕಾಗುತ್ತಾ? ನಿಂಗೋಸ್ಕರ ಇಡೀ ಊರು ಚಹಾ ಇಲ್ಲದೆ ಕೂತಿತ್ತು. ಕುರ್ಮಾಶ್ ಕೂಡ ಬಾಯಿ ಬಿಡ್ಲಿಲ್ಲ.”

ಕಜಕರು ಪ್ರಾಣ ಕೊಟ್ಟಾರು, ಚಹಾ ಬಿಡುವವರಲ್ಲ.

ಆ ಸುಖ ಐದು ಗಂಟೆಯವರೆಗೆ ಬಾಳಿತು. ಐದಕ್ಕೆ ಮರಿ ಮತ್ತೆ ಕೆಚ್ಚಲಿಗೆ ಹೋಯಿತು. ಮರಾಲ್ ಮತ್ತೆ ಒದ್ದು ಆಕಾಶ ನೋಡಿತು. ಒತೆಗೆನ್ ಹಾಡಿದ, ಮಗನ ಕತೆಯನ್ನು ಮೊದಲಿನಿಂದ ಹೇಳಿದ. ಒಂಟೆ ಕಿವಿಯನ್ನೂ ಅಲ್ಲಾಡಿಸಲಿಲ್ಲ.

“ಸರಿ, ಅದರ ಕಾಲು ನಾನು ಹಿಡ್ಕೋತೀನಿ,” ಎಂದು ಕುರ್ಮಾಶ್ ಬೇಲಿ ದಾಟಿ ಹತ್ತಿರ ಹೋದ. ಒದೆ ತಪ್ಪಿಸಿಕೊಳ್ಳಲು ಹಿಂದಕ್ಕೆ ಹಾರಿ, ಬರಿದಾಗಿದ್ದ ಬಾನಿಯ ಮೇಲೆ ಬಿದ್ದ.

ಧಡ್.

ಮರಾಲ್‌ನ ಕಿವಿ ನಿಮಿರಿತು. ಅದು ಮರಿಯ ಕಡೆಗೊಂದು ಹೆಜ್ಜೆ ಇಟ್ಟು, ಇನ್ನೊಂದಕ್ಕೆ ಕಾದಂತೆ ನಿಂತಿತು. ಒತೆಗೆನ್‌ಗೆ ಎಲ್ಲವೂ ಹೊಳೆಯಿತು. ಹಾರೆ ಎತ್ತಿಕೊಂಡು, ತನ್ನ ಅರವತ್ತು ವರ್ಷದ ಶಕ್ತಿಯನ್ನೆಲ್ಲ ಸೇರಿಸಿ ಬಾನಿಗೆ ಎರಡು ಬಿಗಿದ. ಆ ಧಡ್ ಧಡ್ ಸದ್ದನ್ನು ಏಳು ದಿಬ್ಬಗಳು ಒಂದಕ್ಕೊಂದು ದಾಟಿಸಿದವು. ಮರಾಲ್ ಮರಿಯನ್ನು ಹೊಟ್ಟೆಯಡಿಗೆ ಎಳೆದುಕೊಂಡಿತು. ಚಪ್ ಚಪ್.

ಬಿದ್ದ ತುಂಡುಗಳ ಲೆಕ್ಕ ಮುಗಿಸಿ ಆಗಷ್ಟೇ ಹೊರಟಿದ್ದ ಜರಾಸ್‌ನ ಬಸ್ಸು ಇನ್ನೂ ಊರಾಚೆಯ ಹಳ್ಳ ದಾಟಿರಲಿಲ್ಲ. ಅದು ಧೂಳೆಬ್ಬಿಸಿಕೊಂಡು ತಿರುಗಿ ಬಂತು. ಬಿಬಿಜಾರ್ ಬಾನಿಯನ್ನು ಬೋರಲು ಹಾಕಿ, ಶಾಲು ಹಾಸಿ, ಅದರ ಮೇಲೆ ಕೂತುಬಿಟ್ಟಳು.

“ಎಲ್ಲರೂ ಬಸ್ ಹತ್ತಿ. ಇನ್ನೊಂದು ತುಂಡು ಬಿದ್ದಿದೆ,” ಎಂದ ಜರಾಸ್, ಬೆವರೊರೆಸಿಕೊಳ್ಳುತ್ತ. “ಹುಡುಕೋವರೆಗೂ ದಿಬ್ಬದ ಮೇಲೇ ಇರಬೇಕು.”

“ತುಂಡು ಗಿಂಡು ಏನಿಲ್ಲಪ್ಪ,” ಎಂದ ಒತೆಗೆನ್.

“ಒತೆಗೆನ್ ಆಗಾ, ಬೆಳಿಗ್ಗೆ ದಿಬ್ಬದ ಮೇಲೆ ಬಸ್ಸಲ್ಲಿ ನನ್ನ ಪಕ್ಕದಲ್ಲೇ ಕೂತು ಕೇಳಿದ್ದೀರಿ. ನೀವೇ ಹೇಳಿ, ಅದೇ ಸದ್ದು ತಾನೇ?”

ಒತೆಗೆನ್ ಹೆಂಡತಿಯನ್ನು ನೋಡಿದ, ಅವಳಡಿಯ ಶಾಲನ್ನು ನೋಡಿದ. ಅಲ್ಲವೆಂದರೆ ಬಾನಿ ಹೊರಬರಬೇಕು. ಬಾನಿ ಬಂದರೆ ಒಂಟೆಯ ಕತೆ, ಒಂಟೆಯ ಕತೆಯ ಹಿಂದೆ ಸಮೋವರ್. ಕುರ್ಮಾಶ್ ಕೆಮ್ಮಿದ.

“ಅದೇ ಸದ್ದು,” ಎಂದ ಒತೆಗೆನ್.

ಬಸ್ಸು ಹೊರಟಿತು. ಈ ಸಲ ಕಿಟಕಿಯ ಪಕ್ಕ ಅವನೇ ಕೂತಿದ್ದ. ಮರಿ ಮತ್ತೆ ಹಸಿದರೆ ಬಾನಿ ಬಡಿಯಬೇಕು, ಬಡಿದರೆ ಬಸ್ಸು ಬರುತ್ತದೆ, ಬಸ್ಸು ಬಂದರೆ ಬಡಿಯುವವರಿಲ್ಲ. ಈ ಲೆಕ್ಕವನ್ನು ಅವನು ಹಿಂದಿನಿಂದ ಮುಂದಕ್ಕೂ ಮುಂದಿನಿಂದ ಹಿಂದಕ್ಕೂ ಗೊಣಗುತ್ತ ಹೋದ.

ಪಕ್ಕದಲ್ಲಿದ್ದ ಜರಾಸ್ ಕೊನೆಗೆ ನಿಟ್ಟುಸಿರಿಟ್ಟ. “ಬೆಳಿಗ್ಗೆ ಎಷ್ಟು ಸಮಾಧಾನವಾಗಿದ್ರಿ ಆಗಾ. ನನ್ನ ಹೆಂಡ್ತಿ ತವರಿಗೆ ಹೋದ ಕತೆ ಪೂರ್ತಿ ಹೇಳ್ಕೊಂಡೆ, ಒಂದ್ಸಲಾನೂ ಮಧ್ಯೆ ಬಾಯಿ ಹಾಕ್ಲಿಲ್ಲ. ಅಷ್ಟು ಚೆನ್ನಾಗಿ ನನ್ನ ಮಾತು ಯಾರೂ ಕೇಳಿರಲಿಲ್ಲ. ಈಗೇನಾಯ್ತು ನಿಮಗೆ?”

ಹಿಂದಿನ ಸೀಟಿನಿಂದ ಬಿಬಿಜಾರ್ ಬಾಗಿ, ಗಂಡನ ಭುಜಕ್ಕೆ ಗಲ್ಲ ಆನಿಸಿದಳು. ಉಳಿದಿದ್ದ ದನಿಯನ್ನೆಲ್ಲ ಕೂಡಿಸಿ ಅವನ ಕಿವಿಯಲ್ಲಿ ಪಿಸುಗುಟ್ಟಿದಳು.

“ನಿಜ ಕಣೋ ಮುದುಕಾ. ಬೆಳಿಗ್ಗೆ ನೀನು ಬೆಚ್ಚಗೂ ಇದ್ದೆ.”