ಹಗಲುಕತೆಯ ಕೊಂಬು

ಪಾದ್ರಿಯ ಗಾಡಿ ಹಳ್ಳದಲ್ಲಿ ಹೂತುಹೋದದ್ದೇ ಎಲ್ಲಕ್ಕೂ ಕಾರಣ. ಮಧ್ಯಾಹ್ನದ ಪ್ರವಚನಕ್ಕೆ ಅವರು ಬರಲಾರರೆಂದು ಗೊತ್ತಾದಾಗ, ಎಲುಂಡಿನಿ ರೇಡಿಯೊ ನಿಲಯದ ಮುಖ್ಯಸ್ಥೆ ನೊಮಲೀಜೊ, ಮೂಲೆಯಲ್ಲಿ ಕೂತಿದ್ದ ಮೊಂಗೆಜಿಯತ್ತ ತಿರುಗಿದಳು.

ಮೊಂಗೆಜಿ ಅಲ್ಲಿ ತಪ್ಪಿಸಿಕೊಂಡ ದನಗಳ ಪ್ರಕಟಣೆ ಓದುವವನು. ಯಾವ ಹಸುವಿನ ಕೊಂಬು ಮುಂದಕ್ಕೆ ಬಾಗಿದೆ, ಯಾವ ಎತ್ತಿನದು ಮುರಿದಿದೆ ಎಂದು ಕಣಿವೆಗೆಲ್ಲ ಸಾರುತ್ತಿದ್ದ. ಕೆಲಸ ಮಾತ್ರ ಇನ್ನೂ ಖಾಯಂ ಆಗಿರಲಿಲ್ಲ.

“ಒಂದು ಕತೆ ಹೇಳಿಬಿಡು. ಚೆನ್ನಾಗಿ ಬಂದ್ರೆ ಇವತ್ತೇ ಖಾಯಂ ಮಾಡ್ತೀನಿ.”

“ಹಗಲು ಹೊತ್ತಲ್ಲಾ ಅಕ್ಕಾ? ಹಗಲಲ್ಲಿ ಕತೆ ಹೇಳಿದೋನಿಗೆ ಕೊಂಬು ಮೂಡುತ್ತೆ ಅಂತ ನಮ್ಮಜ್ಜಿ ಹೇಳೋಳು.”

“ಪ್ರಾಣಿಶಾಸ್ತ್ರ ಓದಿದ್ದೀಯಲ್ಲ. ಕಾಲೇಜಲ್ಲೂ ಹಾಗೇ ಹೇಳಿಕೊಟ್ರಾ?”

ಹೇಳಿಕೊಟ್ಟಿರಲಿಲ್ಲ. ಮೊಂಗೆಜಿ ಒಳಗೆ ಹೋಗಿ ಮೈಕಿನ ಮುಂದೆ ಕೂತ. ಸದ್ದು ಹೀರಲೆಂದು ಗೋಡೆಗೆಲ್ಲ ಮೊಟ್ಟೆಯ ಟ್ರೇ ಬಡಿದಿದ್ದ ಆ ಕೋಣೆ ಕೋಳಿಗೂಡಿನಷ್ಟೇ ಇತ್ತು. ಕೊಂಬಿರುವವರಿಗೆ ಮಾತ್ರ ಕರೆಯಿದ್ದ ಮದುವೆಗೆ ಹೋಗಲು, ಎತ್ತಿನ ಬಳಿ ಕೊಂಬು ಕಡ ಕೇಳಹೊರಟ ಕತ್ತೆಕಿರುಬದ ಕತೆಯನ್ನು ಅವನು ಎತ್ತಿಕೊಂಡ. ಹೇಳುತ್ತ ಹೇಳುತ್ತ ಭಯ ಮರೆತ, ಕತೆ ರಂಗೇರಿತು. “ಎತ್ತಣ್ಣಾ, ಬಾಗಿಲು ತೆಗಿ” ಎಂದು ಗೋಡೆಯನ್ನು ದಬದಬ ಬಡಿದ.

ಹಣೆಯ ಎಡಭಾಗಕ್ಕೆ ಕೆಂಡ ತಾಗಿದಂತಾಯಿತು. ಮುಟ್ಟಿಕೊಂಡರೆ ಗುಬುಟು, ಬೆರಳ ಕೆಳಗೇ ಬೆಳೆಯುತ್ತಿದೆ.

ಅವನ ಕೂಗನ್ನು ಇಡೀ ಕಣಿವೆ ಕೇಳಿತು. ಮನೆಮನೆಯಲ್ಲೂ ರೇಡಿಯೊ ಆರಿಸಿ, ಮಕ್ಕಳ ಹಣೆ ತಡವಿ ನೋಡಿದರು. ಸ್ವಲ್ಪ ಹೊತ್ತಿಗೆ ನಿಲಯದ ಅಂಗಳ ತುಂಬಿತು. ಊರ ಕರುಗಳ ಕೊಂಬು ಸುಡುವ ವೆಲಾಪಿ ಮಾವ ಕೆಂಡದ ಬಕೆಟ್ಟು, ಕಬ್ಬಿಣದ ಸರಳು ಹಿಡಿದೇ ಬಂದಿದ್ದ.

“ಎಳೇದಿದ್ದಾಗ್ಲೇ ಸುಟ್ಟುಬಿಡ್ಬೇಕು ಮಗಾ. ಬಲಿತ್ರೆ ಗರಗಸ ಬೇಕಾಗುತ್ತೆ.”

“ಮಾವಾ, ಇದು ಜೇನು ಕಡಿದದ್ದು.”

“ಎಲ್ಲರೂ ಮೊದಲು ಹಾಗೇ ಅಂತಾರೆ,” ಎಂದಳು ಪಕ್ಕದ ಮನೆಯ ಮುದುಕಿ. ಇದಕ್ಕೆ ಮುಂಚೆ ಯಾರಿಗೆ ಮೂಡಿತ್ತೆಂದು ಅವಳನ್ನು ಯಾರೂ ಕೇಳಲಿಲ್ಲ.

ಅಷ್ಟರಲ್ಲಿ ನೊಮಲೀಜೊ ಮೇಜಿನ ಮೇಲೆ ಸತ್ತುಬಿದ್ದಿದ್ದ ಜೇನುಹುಳವನ್ನು ತಂದು ತೋರಿಸಿದಳು. ಹಣೆಯಲ್ಲಿದ್ದ ಮುಳ್ಳನ್ನು ಮುದುಕಿಯೇ ಉಗುರಿನಿಂದ ಕಿತ್ತಳು.

“ಇಷ್ಟಕ್ಕಾ ನಾನು ಗುಡ್ಡ ಇಳಿದು ಬಂದಿದ್ದು?” ಎಂದ ವೆಲಾಪಿ ಮಾವ. ಊಟವಿಲ್ಲದ ಮದುವೆಗೆ ಬಂದವರಂತೆ ಜನ ಮುಖ ಸಣ್ಣದು ಮಾಡಿಕೊಂಡರು.

“ಫೋನು ನಿಲ್ತಾನೇ ಇಲ್ಲ,” ಎಂದಳು ನೊಮಲೀಜೊ. “ಏನಾಯ್ತು ಅಂತ ನೀನೇ ಬಿಡಿಸಿ ಹೇಳು. ಜನರ ಹೆದರಿಕೆ ಹೋದ್ರೆ ನಿನ್ನ ಕೆಲಸ ಖಾಯಂ.”

ಮೊಂಗೆಜಿ ಎದೆಯುಬ್ಬಿಸಿ ಒಳಗೆ ಹೋದ. ಕಡಿದ ಜೇನು ಬದುಕುವುದಿಲ್ಲ, ಸತ್ತದ್ದು ಮತ್ತೆ ಕಡಿಯುವುದಿಲ್ಲ. ಶಾಸ್ತ್ರ ಅವನ ಪರವಾಗಿತ್ತು.

“ಬಂಧುಗಳೇ, ಕೊಂಬೂ ಇಲ್ಲ ಗಿಂಬೂ ಇಲ್ಲ. ಕತ್ತೆಕಿರುಬ ಬಾಗಿಲು ಬಡಿದದ್ದನ್ನ ನಾನು ಹೀಗೆ ತೋರಿಸ್ತಿದ್ದೆ, ಅಷ್ಟೇ,” ಎಂದು ಗೋಡೆಯನ್ನು ಮತ್ತೆ ದಬದಬ ಬಡಿದ.

ಮೊಟ್ಟೆಯ ಟ್ರೇಯೊಂದು ಕಳಚಿ ಬಿತ್ತು. ಅದರ ಹಿಂದೆ ಇಡೀ ಸಂಸಾರವೇ ಗುಂಯ್ ಎಂದು ಬಾಗಿಲು ತೆರೆಯಿತು.

ಮತ್ತೆ ರೇಡಿಯೊ ಹಚ್ಚಿದ್ದ ಕಣಿವೆ ಎರಡನೆಯ ಕೂಗನ್ನೂ ಕೇಳಿತು. ಹೊರಗೆ ಓಡಿಬಂದ ಮೊಂಗೆಜಿಯ ಹಣೆಯ ಬಲಭಾಗವೂ ಊದುತ್ತಿತ್ತು. ವೆಲಾಪಿ ಮಾವ ಸಂತೆಯಲ್ಲಿ ಎತ್ತು ನೋಡುವವನಂತೆ ಎಡ ನೋಡಿದ, ಬಲ ನೋಡಿದ.

“ಜೋಡಿ ಆಯ್ತು,” ಎಂದು ಸರಳನ್ನು ಮತ್ತೆ ಕೆಂಡಕ್ಕಿಟ್ಟ.

ಮೊಂಗೆಜಿ ಮುಳ್ಳುಬೇಲಿ ಹಾರಿ ಗುಡ್ಡದ ಕಡೆ ಓಡಿದ.

ನೊಮಲೀಜೊ ಕಂಬಳಿ ಹೊದ್ದು ಒಳಗೆ ನುಗ್ಗಿ, ಮೈಕನ್ನು ವೈರಿನ ಸಮೇತ ಅಂಗಳಕ್ಕೆ ಎಳೆದು ತಂದಳು. ಒಂದು ಸಲ ಕೆಮ್ಮಿದಳು.

“ಪ್ರಕಟಣೆ. ನಮ್ಮ ನಿಲಯದಿಂದ ಮೊಂಗೆಜಿ ತಪ್ಪಿಸಿಕೊಂಡಿದ್ದಾನೆ. ಕೊಂಬು ಎರಡು. ಎಡದ್ದು ಬಲಿತಿದೆ, ಬಲದ್ದು ಈಗ ಮೂಡ್ತಾ ಇದೆ. ಕಂಡವರು ದಯವಿಟ್ಟು ಕಟ್ಟಿಹಾಕಿ. ತಪ್ಪಿಸಿಕೊಂಡ ದನಗಳ ಪಟ್ಟಿ ಓದೋಕೆ ನಮ್ಮಲ್ಲಿ ಬೇರೆ ಯಾರೂ ಇಲ್ಲ.”